ಮೊಟ್ಟೆಗೂ ಸವಕಳಿ ಇದೆ

ಮೊಟ್ಟೆ ಮರಿಯಾಗಲು ಕಾವು ಬೇಕು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಕಾವಿನಲ್ಲಿರುವಾಗ ಮೊಟ್ಟೆ ಸ್ವಲ್ಪ ಒಣಗಲೂ ಬೇಕು, ಅದೂ ಲೆಕ್ಕಕ್ಕೆ ಸರಿಯಾಗಿ ಒಣಗಬೇಕು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಕಾಮರ್ಸ್ ವಿದ್ಯಾರ್ಥಿಗೆ ಕೋಳಿ ಮೊಟ್ಟೆಯ ಗೊಡವೆ ಯಾಕೆ ಎಂದು ಸ್ನೇಹಿತರು ನಗಬಹುದು. ಇದರಲ್ಲಿ ಕೋಳಿಗಿಂತ ಲೆಕ್ಕವೇ ಜಾಸ್ತಿ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆ ಮಲ್ಲತ್ತಹಳ್ಳಿಯಲ್ಲಿ. ದಾದಿ, ಅಂದರೆ ಅಬ್ಬಾ ಅವರ ತಾಯಿ, ಮೊದಲಿನಿಂದಲೂ ನಾಟಿ ಕೋಳಿ ಸಾಕುತ್ತಾರೆ. ಮೊಟ್ಟೆ ಮತ್ತು ಹುಂಜ ಮಾರಿ ಬಂದ ಹಣ ಅವರದ್ದೇ. ಬಿಪಿ ಮಾತ್ರೆಗಾಗಲಿ, ಹಬ್ಬಕ್ಕೆ ಮೊಮ್ಮಕ್ಕಳಿಗೆ ಈದಿ ಕೊಡುವುದಕ್ಕಾಗಲಿ ಅವರು ಯಾರ ಮುಂದೆಯೂ ಕೈ ಚಾಚಿದವರಲ್ಲ. ಮೊದಲು ಸುತ್ತಲೂ ಖಾಲಿ ಸೈಟುಗಳಿದ್ದವು, ಕೋಳಿಗಳು ಪೊದೆಯಲ್ಲಿ ಮೊಟ್ಟೆಯಿಟ್ಟು ಕಾವಿಗೆ ಕೂರುತ್ತಿದ್ದವು. ಈಗ ಆ ಸೈಟುಗಳಲ್ಲೆಲ್ಲ ಮೂರು ಮಹಡಿ ಮನೆಗಳು. ಕೋಳಿಗೂಡು ನಮ್ಮ ತಾರಸಿಗೆ ಹೋಯಿತು. ಅಲ್ಲಿ ಬಿಸಿಲು, ಗದ್ದಲ. ಕೋಳಿ ಮೊಟ್ಟೆ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಮರಿ ಇಲ್ಲದಿದ್ದರೆ ಎರಡು ವರ್ಷದಲ್ಲಿ ಗೂಡು ಖಾಲಿ. ಹಾಗಾಗಿ ದಾದಿ ಕೂಡಿಟ್ಟ ಹಣದಿಂದಲೇ ಭಾಯಿ ಒಂದು ಚಿಕ್ಕ ಇನ್ಕ್ಯುಬೇಟರ್ ತಂದರು.

ಮೊದಲ ಸಲ ಜುಲೈ ತಿಂಗಳಲ್ಲಿ 24 ಮೊಟ್ಟೆ ಇಟ್ಟರು. ಮಾರಿದವರು ಕೊಟ್ಟ ಚೀಟಿಯಲ್ಲಿ, ನೀರಿನ ಎರಡೂ ಕಾಲುವೆಗಳನ್ನು ಕೊನೆಯವರೆಗೂ ತುಂಬಿಡಿ, ತೇವಾಂಶ 60% ಇರಲಿ ಎಂದಿತ್ತು. ಭಾಯಿ ಹಾಗೆಯೇ ಮಾಡಿದರು. ಏಳನೇ ದಿನ ಟಾರ್ಚ್ ಬೆಳಕು ಹಿಡಿದು ನೋಡಿದಾಗ ಐದು ಮೊಟ್ಟೆ ಬರಡಾಗಿದ್ದವು, ಅವನ್ನು ತೆಗೆದೆವು. ಉಳಿದ 19ರಲ್ಲಿ ಹೊರಬಂದದ್ದು ನಾಲ್ಕೇ ಮರಿ. ಮಿಕ್ಕ ಮೊಟ್ಟೆಗಳನ್ನು ಒಡೆದು ನೋಡಿದರೆ ಹೆಚ್ಚಿನವುಗಳಲ್ಲಿ ಪೂರ್ತಿ ಬೆಳೆದ ಮರಿ, ಪುಕ್ಕದ ಸಮೇತ, ನೀರಿನಲ್ಲಿ ಅದ್ದಿ ತೆಗೆದ ಹಾಗೆ ಒದ್ದೆಯಾಗಿ ಸತ್ತಿತ್ತು. ದಾದಿ ಆ ದಿನ ಊಟ ಮಾಡಲಿಲ್ಲ. ಯಂತ್ರವನ್ನು ಮಾರಿಬಿಡಿ ಎಂದರು ಅಬ್ಬಾ.

ಯಾಕೆ ಹೀಗಾಯಿತು? ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳಿಂದ ಪ್ರತಿದಿನ ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ. ಹೋದಷ್ಟು ಜಾಗದಲ್ಲಿ, ಮೊಟ್ಟೆಯ ದಪ್ಪ ತುದಿಯ ಕಡೆ, ಗಾಳಿಯ ಕೋಣೆ ದೊಡ್ಡದಾಗುತ್ತದೆ. ಚಿಪ್ಪು ಒಡೆಯುವ ಮೊದಲು ಮರಿ ಕೊಕ್ಕಿನಿಂದ ಆ ಕೋಣೆಯ ಪೊರೆ ಹರಿದು ಮೊದಲ ಉಸಿರು ತೆಗೆದುಕೊಳ್ಳುತ್ತದೆ. ಸುತ್ತ ತೇವ ಹೆಚ್ಚಾದರೆ ನೀರು ಹೊರಗೆ ಹೋಗುವುದಿಲ್ಲ, ಕೋಣೆ ಚಿಕ್ಕದಾಗಿಯೇ ಉಳಿಯುತ್ತದೆ, ಮರಿಗೆ ಉಸಿರಿಗೂ ತಿರುಗುವುದಕ್ಕೂ ಜಾಗ ಸಾಲದು. ತೇವ ಕಡಿಮೆಯಾದರೆ ಮರಿ ಸೊರಗುತ್ತದೆ, ಪೊರೆ ಒಣಗಿ ಮೈಗೆ ಅಂಟಿಕೊಳ್ಳುತ್ತದೆ. ಎರಡು ಕಡೆಯೂ ಸಾವೇ. ಮರಿ ಸಾಯುವುದು ಕೊನೆಯ ದಿನ, ಆದರೆ ಕಾರಣ ಹಿಂದಿನ 18 ದಿನಗಳಲ್ಲಿ ಇರುತ್ತದೆ.

ಮೀಟರ್ 60 ತೋರಿಸುತ್ತಿದ್ದರೂ ಇಷ್ಟು ತೇವ ಹೇಗೆ ಬಂತು ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ನಮ್ಮ ಕಾಲೇಜಿನ ಸೈನ್ಸ್ ವಿಭಾಗದ ಗೆಳೆಯನೊಬ್ಬ ದಾರಿ ತೋರಿಸಿದ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗಾಗುವಷ್ಟು ಮಾತ್ರ ನೀರು ಬೆರೆಸಬೇಕು. ಅದನ್ನೂ ಮೀಟರಿನ ಸೆನ್ಸರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿ ಯಾವಾಗಲೂ 75% ತೇವಾಂಶಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ನಮ್ಮ ಮೀಟರ್ 66 ತೋರಿಸಿತು. ಅಂದರೆ ಅದು 9 ಕಡಿಮೆ ಹೇಳುತ್ತದೆ. ಜುಲೈನಲ್ಲಿ ಅದು 60 ಎಂದಾಗ ಒಳಗೆ ನಿಜವಾಗಿ ಇದ್ದದ್ದು ಸುಮಾರು 69. ಮೊದಲ 18 ದಿನಕ್ಕೆ ಬೇಕಾದದ್ದು 45ರಿಂದ 55 ಮಾತ್ರ. 65–70 ಬೇಕಾಗುವುದು ಕೊನೆಯ ಮೂರು ದಿನ.

ಎರಡನೇ ಸಲಕ್ಕೆ ದಾದಿಯೇ ಅಬ್ಬಾ ಅವರನ್ನು ಒಪ್ಪಿಸಿದರು. ಅದು ಮಾರ್ಚ್ ತಿಂಗಳು, ರಂಜಾನ್. ನಮ್ಮ ಮನೆ ಕೆರೆಗೆ ಹತ್ತಿರ, ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ ಎಂದು ಭಾಯಿ ವಾದಿಸಿದರು. ಆದರೆ ಲೆಕ್ಕ ಬೇರೆ ಇದೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರು ಹಿಡಿಯಬಲ್ಲದು. ಹೊರಗೆ 22 ಡಿಗ್ರಿಯಲ್ಲಿ 60% ತೇವಾಂಶ ಇರುವ ಗಾಳಿಯನ್ನು ಯಂತ್ರದೊಳಗಿನ 37.5 ಡಿಗ್ರಿಗೆ ಕಾಯಿಸಿದರೆ, ಅದರಲ್ಲಿರುವ ನೀರು ಅಷ್ಟೇ ಇದ್ದರೂ ತೇವಾಂಶ ಸುಮಾರು 25%ಕ್ಕೆ ಇಳಿಯುತ್ತದೆ. ಮಳೆಗಾಲದ 85% ಗಾಳಿಯಾದರೆ ಸುಮಾರು 35%. ಬೆಂಗಳೂರಿನ ಮಾರ್ಚ್ ಮಧ್ಯಾಹ್ನದ ಒಣ ಗಾಳಿ ಇನ್ನೂ ಕೆಳಗೆ. ಹಾಗಾಗಿ ವರ್ಷವಿಡೀ ಒಂದೇ ಅಳತೆಯ ನೀರು ಎಂಬ ಮಾತೇ ಸರಿಯಲ್ಲ.

ಮೀಟರ್ ಒಂದನ್ನೇ ನಂಬುವ ಬದಲು ನಾನು ಮೊಟ್ಟೆಗಳನ್ನು ತೂಗಲು ಶುರು ಮಾಡಿದೆ. ಅಕೌಂಟೆನ್ಸಿಯಲ್ಲಿ ನಾವು ಸವಕಳಿ ಓದುತ್ತೇವಲ್ಲ, ಯಂತ್ರದ ಬೆಲೆಯಿಂದ ಪ್ರತಿವರ್ಷ ಸಮನಾದ ಮೊತ್ತ ಕಳೆಯುವುದು, ಇದೂ ಹಾಗೆಯೇ. 18 ದಿನ ಮುಗಿಯುವಾಗ ಮೊಟ್ಟೆ ತನ್ನ ಮೊದಲ ತೂಕದಲ್ಲಿ ಸುಮಾರು 12% ಕಳೆದುಕೊಂಡಿರಬೇಕು. 20 ಮೊಟ್ಟೆ ಇಟ್ಟೆವು, ಪ್ರತಿಯೊಂದರ ತೂಕವನ್ನೂ ಪೆನ್ಸಿಲಿನಲ್ಲಿ ಚಿಪ್ಪಿನ ಮೇಲೆ ಬರೆದೆ. ಏಳನೇ ದಿನ ಮೂರು ಬರಡು ಎಂದು ತೆಗೆದ ಮೇಲೆ ಉಳಿದ 17ರ ಮೊದಲ ತೂಕ ಒಟ್ಟು 731 ಗ್ರಾಂ. ಅದರ 12% ಎಂದರೆ 88 ಗ್ರಾಂ. ಏಳು ದಿನಕ್ಕೆ 34 ಗ್ರಾಂ ಹೋಗಬೇಕಿತ್ತು, 48 ಹೋಗಿತ್ತು! ಮಧ್ಯಾಹ್ನದ ಹೊತ್ತು ಒಳಗೆ ತುಂಬಾ ಒಣಗುತ್ತಿತ್ತು. ಎರಡನೇ ಕಾಲುವೆಗೂ ನೀರು ಹಾಕಿದೆವು. 14ನೇ ದಿನ ಒಟ್ಟು ನಷ್ಟ 72 ಗ್ರಾಂ, 18ನೇ ದಿನ 86. ಲೆಕ್ಕ ದಾರಿಗೆ ಬಂತು.

ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸಬೇಕಿತ್ತು. ಸಹರಿಗೆ ಎದ್ದಾಗ ಅಮ್ಮಿ, ಮಧ್ಯಾಹ್ನ ನಾನು, ತರಾವೀಹ್ ಮುಗಿಸಿ ಬಂದ ಮೇಲೆ ಭಾಯಿ. ದಾದಿ ಮಾತ್ರ ಆಗಾಗ ಒಂದು ಮೊಟ್ಟೆ ತೆಗೆದು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ ಕಾವು ಸರಿಯಿದೆ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಆಮೇಲೆ ಓದಿದಾಗ ತಿಳಿಯಿತು, ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಮಣ್ಣಿನ ದೊಡ್ಡ ಗೂಡುಗಳಲ್ಲಿ ಬೆಂಕಿಯ ಶಾಖದಿಂದಲೇ ಮರಿ ಮಾಡಿಸುತ್ತಿದ್ದರು. ಅಲ್ಲಿನ ಕೆಲಸಗಾರರೂ ಥರ್ಮಾಮೀಟರ್ ಇಲ್ಲದೆ ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಹಿಡಿದೇ ಕಾವು ಅಳೆಯುತ್ತಿದ್ದರು. ಆಮೇಲೆ ನಾವು ನಗಲಿಲ್ಲ.

18ನೇ ದಿನ ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶ ಏರಿಸಿ ಮುಚ್ಚಳ ಹಾಕಿದೆವು. 20ನೇ ದಿನ ಸಂಜೆ ಮೊದಲ ಚಿಪ್ಪು ಬಿರುಕು ಬಿಟ್ಟಿತು. ಮರುದಿನ ಬೆಳಿಗ್ಗೆ ನೋಡಿದರೆ ಒಂದು ಮರಿ ಹತ್ತು ಗಂಟೆಯಿಂದ ಅದೇ ಸಣ್ಣ ತೂತಿನಲ್ಲಿ ಕೊಕ್ಕು ಇಟ್ಟುಕೊಂಡು ಕೂಗುತ್ತಿತ್ತು. ಭಾಯಿಗೆ ತಡೆಯಲಾಗಲಿಲ್ಲ, ಮುಚ್ಚಳ ತೆಗೆದು ಚಿಪ್ಪು ಬಿಡಿಸುತ್ತೇನೆ ಎಂದರು. ದಾದಿ ಅವರ ಕೈ ಹಿಡಿದುಕೊಂಡರು. “ಕೋಳಿ ತಾಯಿಯೇ ಚಿಪ್ಪು ಒಡೆಯುವುದಿಲ್ಲ, ನೀನು ಯಾರಪ್ಪ?” ಎಂದು ಉರ್ದುವಿನಲ್ಲಿ ಗದರಿದರು. ಅವರು ಹೇಳಿದ್ದರಲ್ಲಿ ಸತ್ಯವಿದೆ. ಮುಚ್ಚಳ ತೆಗೆದರೆ ತೇವ ಒಂದೇ ಸಲಕ್ಕೆ ಹೊರಟುಹೋಗಿ, ಚಿಪ್ಪು ಬಿರುಕು ಬಿಟ್ಟ ಎಲ್ಲ ಮರಿಗಳ ಪೊರೆಯೂ ಒಣಗಿ ಬಿಗಿಯುತ್ತದೆ. ಅಲ್ಲದೆ ಆ ಹೊತ್ತಿನಲ್ಲಿ ಮರಿ ಸುಮ್ಮನೆ ಕೂತಿರುವುದಿಲ್ಲ. ಉಳಿದ ಹಳದಿ ಭಾಗವನ್ನೂ ಪೊರೆಯ ನಾಳಗಳಲ್ಲಿರುವ ರಕ್ತವನ್ನೂ ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಅವಸರದಿಂದ ಬಿಡಿಸಿದರೆ ರಕ್ತ ಹರಿದು ಸಾಯಬಹುದು. ಬಿರುಕಿನಿಂದ ಹೊರಬರುವವರೆಗೆ 12ರಿಂದ 24 ಗಂಟೆ ಹಿಡಿಯುವುದು ಸಾಮಾನ್ಯ. ನಮ್ಮ ಮರಿ 19ನೇ ಗಂಟೆಗೆ ತಾನೇ ಹೊರಬಂತು.

ಒಟ್ಟು 17ರಲ್ಲಿ 14 ಮರಿ. ಮೊದಲ ಸಲ 21%, ಈ ಸಲ 82%. ಬಾರದ ಮೂರನ್ನು ಒಡೆದು ನೋಡಿದೆವು. ಒಂದು ಅರ್ಧದಲ್ಲೇ ನಿಂತಿತ್ತು. ಎರಡರಲ್ಲಿ ಮರಿಯ ತಲೆ ಚೂಪು ತುದಿಯ ಕಡೆಗಿತ್ತು, ಗಾಳಿಯ ಕೋಣೆ ಇರುವುದು ಇನ್ನೊಂದು ತುದಿಯಲ್ಲಿ. ಒದ್ದೆಯಾಗಿ ಸತ್ತದ್ದು ಒಂದೂ ಇಲ್ಲ. ಯಂತ್ರ ಮಾರುವ ಮಾತನ್ನು ಅಬ್ಬಾ ಮತ್ತೆ ಎತ್ತಿಲ್ಲ. ಆ 14ರಲ್ಲಿ ಎಂಟು ಹೇಟೆಗಳು. ಅವು ಮೊಟ್ಟೆ ಇಡಲು ಶುರು ಮಾಡಿದ ಮೇಲೆ ದಾದಿಯ ಮಾತ್ರೆಯ ಹಣ ಮತ್ತೆ ದಾದಿಯ ಡಬ್ಬಿಯಿಂದಲೇ ಬರುತ್ತಿದೆ.

ನಿಮ್ಮ ಮನೆಯಲ್ಲೂ ಯಾರಾದರೂ ಇಂತಹ ಯಂತ್ರ ತಂದರೆ ಮೊದಲು ಉಪ್ಪಿನ ಪರೀಕ್ಷೆ ಮಾಡಿ, ಆಮೇಲೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಕರೆಂಟ್ ಹೋದರೆ ಮುಚ್ಚಳ ತೆಗೆಯಬೇಡಿ, ಮೇಲೆ ಕಂಬಳಿ ಹೊದಿಸಿ. ಮುಂದಿನ ಮೊಟ್ಟೆಗಳನ್ನು ನಾವು ಮಳೆಗಾಲದಲ್ಲೇ ಇಡುತ್ತಿದ್ದೇವೆ. ಈ ಸಲ ಒಂದೇ ಕಾಲುವೆಗೆ, ಅದೂ ಅರ್ಧ ನೀರು. ಏಳನೇ ದಿನದ ತೂಕ ನೋಡಿದ ಮೇಲೆ ಮುಂದಿನ ಮಾತು.