ಎರಡು ಹೊಳೆಗಳ ನಡುವಿನ ಆಟದ ಬಯಲು

ಬಾಗಲಕೋಟೆಯಿಂದ ವಿಜಾಪುರದ ಹಾದಿ ಹಿಡಿದವರು ಅನಗವಾಡಿಯ ಬಳಿ ಘಟಪ್ರಭೆಯನ್ನು ದಾಟುತ್ತಾರೆ. ಇನ್ನಷ್ಟು ಉತ್ತರಕ್ಕೆ ಸಾಗಿದರೆ ಕೊರ್ತಿ-ಕೊಲ್ಹಾರದ ಸೇತುವೆಯ ಕೆಳಗೆ ಕೃಷ್ಣೆ ಕಡಲಿನಂತೆ ಹರಡಿಕೊಂಡಿರುತ್ತಾಳೆ. ಆಲಮಟ್ಟಿಯ ಅಣೆಕಟ್ಟು ಅವಳಿಗೆ ತಂದಿತ್ತ ವಿಸ್ತಾರವದು. ಈ ಎರಡು ಹೊಳೆಗಳ ನಡುವೆ, ಹೆದ್ದಾರಿಯಿಂದ ತುಸು ಪಡುವಣಕ್ಕೆ, ಗುಡ್ಡಗಳ ಮಗ್ಗುಲಲ್ಲಿ ಬೀಳಗಿ ಇದೆ. ಬಾದಾಮಿ, ಪಟ್ಟದಕಲ್ಲುಗಳಿಗೆ ಧಾವಿಸುವ ಪ್ರವಾಸಿಗೆ ಇಲ್ಲಿ ಇಳಿಯಲು ಬಿಡುವಿಲ್ಲ. ಇಳಿದವನೂ ಸಿದ್ಧೇಶ್ವರನ ಗುಡಿಯನ್ನು ಕಂಡು ಮರಳಿಯಾನೇ ಹೊರತು, ಸಂಜೆಯ ಹೊತ್ತು ಹುಡುಗರು ಧೂಳೆಬ್ಬಿಸುವ ಬಯಲಿನ ಬಳಿ ನಿಲ್ಲಲಾರ.

ನಿಲ್ಲಬೇಕಾದುದು ಅಲ್ಲಿಯೇ. ಈ ಸೀಮೆಗೆ ಮೈಬಲವನ್ನು ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ. ನೆರೆಯ ಮುಧೋಳ, ಗದಾಯುದ್ಧವನ್ನು ಬರೆದ ರನ್ನನ ನಾಡು. ಕುಸ್ತಿಯ ಕಣವಿಲ್ಲದ ಜಾತ್ರೆ ಇಲ್ಲಿಯವರಿಗೆ ಅರೆಜಾತ್ರೆ. ಗುಂಡು ಎತ್ತುವವರೂ ಚೀಲ ಹೊರುವವರೂ ಊರೂರಿಗೆ ಉಂಟು. ಬಾಗಲಕೋಟೆಯ ಬಳಿಯ ತುಳಸಿಗೇರಿಯಲ್ಲಿ ಮಕ್ಕಳು ಮಲ್ಲಕಂಬದ ಮೇಲೆ ಬಳ್ಳಿಯಂತೆ ಸುತ್ತಿಕೊಳ್ಳುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದಾನೆ.

ಇಷ್ಟೆಲ್ಲ ಇದ್ದ ಮೇಲೆ ಬೀಳಗಿಯಂಥ ಊರಿನ ಕಾಲೇಜಿನಲ್ಲಿ ಸೀಟಿ ಹಿಡಿದು ನಿಂತವನಿಗೆ ಏನು ಕೆಲಸ?

ಊರ ಹಿರಿಯರ ಬಾಯಲ್ಲಿ ಅವನಿನ್ನೂ ‘ಪಿ.ಟಿ. ಮಾಸ್ತರ’, ಕಾಲೇಜಿನವರ ಮಾತಿನಲ್ಲಿ ‘ಫಿಜಿಕಲ್ ಡೈರೆಕ್ಟರ್’. ಈ ಎರಡನೆಯ ಹೆಸರು ಬಂದುದು ದೂರದಿಂದ. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ವತಿಯಿಂದ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. ಬಾಸ್ಕೆಟ್‌ಬಾಲ್ 1891ರಲ್ಲಿ ಹುಟ್ಟಿದುದು ಆ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ. ವಾಲಿಬಾಲ್ 1895ರಲ್ಲಿ ಅದರ ನೆರೆಯ ಹೋಲಿಯೋಕಿನಲ್ಲಿ. ಅಮೆರಿಕದ ಸಣ್ಣ ಕಾಲೇಜುಗಳಲ್ಲಿ ಒಬ್ಬನೇ ಗುರು ಶರತ್ಕಾಲದಲ್ಲಿ ಅವರ ಫುಟ್‌ಬಾಲನ್ನೂ ಚಳಿಗಾಲದಲ್ಲಿ ಬಾಸ್ಕೆಟ್‌ಬಾಲನ್ನೂ ವಸಂತದಲ್ಲಿ ಬೇಸ್‌ಬಾಲನ್ನೂ ಕಲಿಸುತ್ತಿದ್ದುದುಂಟು. ಆಟಗಳನ್ನು ಋತುಗಳೇ ಹಂಚಿಕೊಡುತ್ತಿದ್ದುವು. ಬೀಳಗಿಯ ಕಡೆ ಆ ಅನುಕೂಲವೂ ಇಲ್ಲ. ಅಂತರ ಕಾಲೇಜು ಪಂದ್ಯಗಳು ಬರುವಾಗ ಕಬಡ್ಡಿ, ಖೋಖೋ, ವಾಲಿಬಾಲ್, ಓಟ, ಗುಂಡೆಸೆತಗಳೆಲ್ಲ ಬೆನ್ನಿಗೆ ಬೆನ್ನು ಹಚ್ಚಿ ಬರುತ್ತವೆ. ಅದೇ ಹೊತ್ತಿಗೆ ಕಬ್ಬು ಕಡಿಯುವ ಸುಗ್ಗಿಯೂ ಮೊದಲಾಗುತ್ತದೆ. ಕಬಡ್ಡಿಯ ಒಳ್ಳೆಯ ಹಿಡಿತಗಾರ ಹೊಲದಲ್ಲಿ ಕುಡುಗೋಲು ಹಿಡಿದಿರುತ್ತಾನೆ. ರಬಕವಿ-ಬನಹಟ್ಟಿಯ ಕಡೆಯವನಾದರೆ ಮಗ್ಗದ ಮುಂದೆ ಕುಳಿತಿರುತ್ತಾನೆ. ಅವನನ್ನು ಎರಡು ದಿನಕ್ಕೆ ಬಿಡಿಸಿ ತರುವುದು ಯಾವ ತರಬೇತಿಯ ಪುಸ್ತಕದಲ್ಲಿಯೂ ಇಲ್ಲದ ವಿದ್ಯೆ.

ಹುಡುಗಿಯರ ತಂಡ ಕಟ್ಟುವುದು ಅದಕ್ಕಿಂತ ಕಠಿಣ. ಖೋಖೋ ಆಡಲು ಒಂಬತ್ತು ಜನ ಬೇಕು. ಒಂಬತ್ತು ಮನೆಗಳ ಹೊಸ್ತಿಲ ಹೊರಗೆ ನಿಂತು, “ಸಂಜೀಕ ನಾನs ಬಸ್ ಹತ್ತಿಸಿ ಕಳಸ್ತೀನ್ರೀ” ಎಂದು ಮಾತು ಕೊಡಬೇಕು. ಕೊಟ್ಟ ಮಾತು ಒಮ್ಮೆ ತಪ್ಪಿದರೆ ಮರುವರ್ಷ ತಂಡವಿಲ್ಲ.

ಇನ್ನು ನೆಲದ ಮಾತು. ಈ ಭಾಗದ ಎರೆಮಣ್ಣು ಬೆಳೆಗೆ ಬಂಗಾರ, ಆಟಕ್ಕೆ ಶತ್ರು. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಬಿಸಿಲು ಬಿದ್ದರೆ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಗರಸು ತಂದು ಹರವಿ, ನೀರು ಚಿಮುಕಿಸಿ, ರೂಲು ಎಳೆದ ಮೇಲೆ ಕಬಡ್ಡಿಗೆ 13 ಮೀಟರಿಗೆ 10, ವಾಲಿಬಾಲಿಗೆ 18ಕ್ಕೆ 9 ಎಂದು ಸುಣ್ಣದ ಗೆರೆಗಳನ್ನು ಎಳೆಯಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋಖೋ ಆಟದ ಮೊದಲ ವಿಶ್ವಕಪ್ ನಡೆದು, ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಅಲ್ಲಿ ಆಡಿದುದು ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಪಳಗಿದ ಪಾದಕ್ಕೆ ಮ್ಯಾಟಿನ ಹಿಡಿತವೇ ಬೇರೆ. ಅದನ್ನು ಪಂದ್ಯದ ದಿನವೇ ಮೊದಲ ಬಾರಿ ಮೆಟ್ಟುವ ಹಳ್ಳಿಯ ಮಕ್ಕಳು ಅರ್ಧ ಆಟವನ್ನು ಕಾಲು ಊರುವುದರಲ್ಲಿಯೇ ಕಳೆಯುತ್ತಾರೆ. ಸೋಲಿನ ಲೆಕ್ಕದಲ್ಲಿ ಇದನ್ನು ಯಾರು ಬರೆದಾರು?

ಇವನ ವೃತ್ತಿಜೀವನದ ವೈಚಿತ್ರ್ಯವೂ ಕೇಳತಕ್ಕದ್ದು. ಇಪ್ಪತ್ತು ವರ್ಷಗಳ ಹಿಂದೆ ಈ ಹುದ್ದೆಗೆ ಬಂದವನು ತಂಡವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕರೆದೊಯ್ಯುತ್ತಿದ್ದ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು; ಇತ್ತೀಚೆಗೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬಂದಿದೆ. ಕುರ್ಚಿ ಕದಲದೆಯೇ ಮೂರು ವಿಶ್ವವಿದ್ಯಾಲಯ ಕಂಡಂತಾಯಿತು. ಆಯ್ಕೆಯಾದ ಶಿಷ್ಯನಿಗೆ ‘ಬ್ಲೂ’ ಎಂಬ ಗೌರವ ದೊರೆಯುತ್ತದೆ. ಗುರುವಿಗೆ ದೊರೆಯುವುದು ಪ್ರಯಾಣದ ಖರ್ಚಿನ ಬಿಲ್ಲು, ಅದರ ಮೇಲೊಂದು ಆಕ್ಷೇಪಣೆ. ಮುಂದೆ ಆ ಶಿಷ್ಯ ಪೊಲೀಸಿಗೋ ಸೈನ್ಯಕ್ಕೋ ಸೇರುತ್ತಾನೆ. ಅಲ್ಲಿಯ ತಂಡದಲ್ಲಿ ಮಿಂಚಿದರೆ ಪತ್ರಿಕೆಯಲ್ಲಿ ಅಚ್ಚಾಗುವುದು ಅಲ್ಲಿಯ ತರಬೇತುದಾರನ ಹೆಸರು. ರಜೆಗೆ ಬಂದಾಗ ಮಾತ್ರ ಬೂಟು ಕಳಚಿ ಬಯಲಿಗಿಳಿದು ಮಾಸ್ತರರ ಕಾಲು ಮುಟ್ಟುತ್ತಾನೆ. ಸುತ್ತ ನಿಂತ ಹುಡುಗರು ಅವನ ತೋಳನ್ನೂ ಗಡಿಯಾರವನ್ನೂ ನೋಡುತ್ತಾರೆ. ಮರುದಿನ ಇಬ್ಬರು ಹೊಸಬರು ಬಂದಿರುತ್ತಾರೆ.

ಅರವತ್ತಕ್ಕೆ ನಿವೃತ್ತಿ. ಅಲ್ಲಿಯವರೆಗೆ ಪ್ರತಿ ಮಳೆಗೂ ಗೆರೆಗಳು ಅಳಿಸುತ್ತವೆ. ಮಣ್ಣು ಆರಿದೊಡನೆ ಸುಣ್ಣದ ಬುಟ್ಟಿ, ಹಗ್ಗ, ನಾಲ್ಕು ಗೂಟಗಳೊಂದಿಗೆ ಅವನು ಮತ್ತೆ ಮೂಲೆಯಿಂದ ಅಳತೆ ಮೊದಲು ಮಾಡುತ್ತಾನೆ. ಹಗ್ಗದ ಇನ್ನೊಂದು ತುದಿಯನ್ನು ಹಿಡಿಯಲು ಆ ವರ್ಷದ ಹುಡುಗನೊಬ್ಬ ಓಡಿ ಬರುತ್ತಾನೆ.