ಗಾದಿಗೆ ಬಿಸಿಲು
ಸಿಂಗಟಾಲೂರು ಮುಂಡರಗಿ ಸೀಮೆಯಲ್ಲಿ ತುಂಗಭದ್ರೆಯ ತಡಿಯ ಊರು. ಬೇಸಗೆಯಲ್ಲಿ ಇಲ್ಲಿಯ ನೆಲ ಬಿರಿಯುವುದು. ಆದರೆ ಶ್ರಾವಣದ ಜಡಿಮಳೆ ಹಿಡಿದು ಹೊಳೆ ತುಂಬಿತೆಂದರೆ ಮಣ್ಣಿನ ಗೋಡೆಗಳೂ ತಣ್ಣಗಾಗುವುವು. ಆಗ ಮನೆಯಲ್ಲಿ ಮೊದಲು ಕೆಡುವುದು ಗಾದಿ.

ಹತ್ತಿಯ ಗುಣವೇ ಅಂಥದು. ಗಾಳಿಯ ತೇವ ನೂರಕ್ಕೆ 65ರಷ್ಟಿದ್ದರೆ ಅದು ತನ್ನ ಒಣತೂಕದ ನೂರಕ್ಕೆ ಸುಮಾರು 8ರಷ್ಟು ನೀರನ್ನು ಹೀರಿಕೊಂಡಿರುವುದು. ತೇವವೇರಿದಂತೆ ಇದೂ ಏರುವುದು. ಮಲಗಿದವರ ಬೆವರು ಮೇಲಿನಿಂದ, ನೆಲದ ತಂಪು ಕೆಳಗಿನಿಂದ. ನಡುವೆ ಬೂಷ್ಟು ಬೆಳೆಯಲು ಇನ್ನೇನು ಬೇಕು?

ಹಳೆಯ ಗೃಹಿಣಿಯರು ಈ ಲೆಕ್ಕವನ್ನು ಓದದೆಯೇ ಬಲ್ಲವರಾಗಿದ್ದರು. ಮಗಳು ಬಾಣಂತನಕ್ಕೆ ಬರುವ ಮುನ್ನ ಗಾದಿಯನ್ನು ನವಾರಿನ ಮಂಚಕ್ಕೇರಿಸಿ, ಮೇಲೆ ಕೌದಿ ಹಾಸುತ್ತಿದ್ದರು. ಕೌದಿಯನ್ನು ಹೊಳೆಗೆ ಒಯ್ದು ಒಗೆಯಬಹುದು, ಗಾದಿಯನ್ನು ಒಗೆಯಲಾಗದು. ಕೂಸು ಒದ್ದೆ ಮಾಡಿದರೆ ಒಣ ಅರಿವೆಯಿಂದ ಒತ್ತಿ, ತಣ್ಣೀರಿನಲ್ಲಿ ಹಿಂಡಿದ ಅರಿವೆಯಿಂದ ಒರೆಸುವರು. ನೀರು ಸುರಿದರೆ ಹತ್ತಿ ಒಳಗೇ ಗಂಟುಕಟ್ಟುವುದು. ಮಳೆ ಹೊಳವಾದ ದಿನ ಎರಡೂ ಮಗ್ಗುಲು ಬಿಸಿಲಿಗೆ ಕಾಯಿಸಿ, ಕೋಲಿನಿಂದ ಬಡಿದು, ಬಿಸಿ ಆರಿದ ಮೇಲೆಯೇ ಒಳಗೆ ತರುವರು.

ಇಷ್ಟಾದರೂ ಗಂಟುಕಟ್ಟಿದ ಗಾದಿಗೆ ಪಿಂಜಾರನ ಬಿಲ್ಲು ಇದ್ದಿತು. ಅವನು ಹೊಲಿಗೆ ಬಿಚ್ಚಿ, ಅರಳೆಯನ್ನು ಹಿಂಜಿ, ಧೂಳು ಹಾರಿಸಿ, ಅದೇ ಹತ್ತಿಯನ್ನು ಮತ್ತೆ ತುಂಬಿಕೊಡುವನು. ಹೀಗೆ ಅಜ್ಜಿ ತವರಿನಿಂದ ತಂದ ಹತ್ತಿಯ ಮೇಲೆ ಮೊಮ್ಮಕ್ಕಳೂ ಮಲಗಿದರು.

ಈಗ ಆ ಬಿಲ್ಲಿನ ದನಿ ಅಪರೂಪ. ಸ್ಪಂಜಿನ ಗಾದಿಯನ್ನು ಹಿಂಜಲಾಗದು. ಸುಡುಬಿಸಿಲೂ ಅದಕ್ಕೆ ಒಗ್ಗದು, ನೆರಳಿನ ಗಾಳಿಯೇ ಗತಿ. ಕೆಟ್ಟರೆ ಎಸೆಯಬೇಕು. ಮರಳಿ ಹೊಸತಾಗದ ವಸ್ತುವಿಗೆ ಆರೈಕೆಯು ಹೆಚ್ಚಬೇಕಲ್ಲದೆ ಕಡಿಮೆಯಾಗಬಾರದು.