ಬಾಣಂತಿ ಕೋಣೆಗೆ ಕಂಬಳಿ

ಲೋಕಿಕೆರೆ, 2024

ಜುಲೈ 3, ಬುಧವಾರ

ಮಗಳಿಗೆಂದು ಮೂಡಲ ಕೋಣೆ ಖಾಲಿ ಮಾಡಿಸಿದೆ. ಟ್ರಂಕು, ಮೆಕ್ಕೆಜೋಳದ ಚೀಲ ಎಲ್ಲ ಹೊರಗೆ. ಒಳಗೆ ನಿಂತು ಅತ್ತೆಯನ್ನು ಕೂಗಿದರೆ ನನ್ನ ದನಿ ನನಗೇ ಬಡಿಯಿತು.

"ಮಾಳಿಗೆ ಮನ್ಯಾಗ ಹಿಂಗಿರ್ಲಿಲ್ಲ. ಇಲ್ಲಿ ಆಡಿದ್ ಮಾತು ಗ್ವಾಡಿಗೆ ಬಡ್ದು ತಿರುಗಿ ಬರ್ತೈತಿ" ಅಂದರು.

ಟೈಲ್ಸು, ಗಾಜು, ಆರ್‌ಸಿಸಿ. ಒಂದೂ ಸದ್ದು ನುಂಗುವುದಿಲ್ಲ. ಇಲ್ಲಿ ಕೂಸು ಅತ್ತರೆ?

ಜುಲೈ 7, ಭಾನುವಾರ

ದಾವಣಗೆರೆ. ಪರದೆ ತರಲು ಹೋಗಿದ್ದೆ. ಎಲ್ಲ ಕಡೆ ಪಾಲಿಯೆಸ್ಟರ್. ಬಣ್ಣ ಹೋಗಲ್ಲ, ಸುಕ್ಕಾಗಲ್ಲ, ಬಿಸಿಲು ಬಿಡಲ್ಲ. ಮಕ್ಕಳಿಗೆ ವಿಜ್ಞಾನ ಹೇಳಿದ ಅಭ್ಯಾಸ, ಕೈ ತಾನೇ ಬಟ್ಟೆ ತಿಕ್ಕಿ ನೋಡುತ್ತದೆ. ಹತ್ತಿ ಗಾಳಿಯಿಂದ ತನ್ನ ತೂಕದ ಸುಮಾರು 8% ತೇವ ಹಿಡಿಯುತ್ತದೆ, ಉಣ್ಣೆ 16%. ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಮಳೆಗಾಲದ ಕೋಣೆಯಲ್ಲಿ ಅದು ಸುಮ್ಮನೆ ಜೋತುಬಿದ್ದಿರುತ್ತದೆ ಅಷ್ಟೆ.

ಒಬ್ಬರು ರೇಯಾನ್ ತೆಗೆದರು. ಎಷ್ಟು ಮೆತ್ತಗೆ! ಹರಿಹರದ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ತೆಗೆಯುವುದೂ ಇಂಥದೇ ಎಳೆ. 1987ರಲ್ಲಿ ಕುಸನೂರಿನ ಜನ ನೀಲಗಿರಿ ಸಸಿ ಕಿತ್ತು ಹಾಕಿದ್ದು ಆ ತಿರುಳಿನ ತೋಪಿಗಾಗಿ ಗೋಮಾಳ ಹೋಯಿತೆಂದು. ಬಟ್ಟೆ ಮೈಗೆ ಹಿತವಾಗಿತ್ತು. ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದೆ. ತರಲಿಲ್ಲ.

ಹತ್ತಿ ಪರದೆ ಸಿಗಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಲ್ಲಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಸಂಕಟ.

ಜುಲೈ 12, ಶುಕ್ರವಾರ. ರಾತ್ರಿ

ಅತ್ತೆ ಕರಿ ಕಂಬಳಿ ತೆಗೆದರು. ಮೇಡ್ಲೇರಿ ಕಡೆಯದು. ನೂಲಿಗೆ ಹುಣಸೆಬೀಜದ ಸರಿ ಹಚ್ಚಿ ನೇಯುತ್ತಾರೆ, ಅದಕ್ಕೇ ಆ ಬಿರುಸು. ಬಾಗಿಲಿಗೆ ಇದನ್ನೇ ಇಳಿಬಿಡಬೇಕಂತೆ. ಬಾಣಂತಿಗೆ ಗಾಳಿ ಸೋಕಬಾರದು.

ಮಳೆ ಹನಿಯುತ್ತಿತ್ತು. ಕಂಬಳಿ ಬಿಚ್ಚಿದ ಕೂಡಲೇ ಕುರಿಯ ವಾಸನೆ ಮನೆ ತುಂಬಿತು. ಹಳೇ ಮನೆಯೇ ಬಂದು ನಿಂತಂತಾಯಿತು.

ಹೊರಗಾದಾಗ ನನಗೆ ಪಡಸಾಲೆಯ ಮೂಲೆ, ಇದೇ ಕಂಬಳಿ. ಉಣ್ಣೆಗೆ ಮೈಲಿಗೆ ಇಲ್ಲ, ಹತ್ತಿಗೆ ಉಂಟು. ಯಾರು ಮಾಡಿದರೋ ಈ ಲೆಕ್ಕ. ಗೋಡೆ ಬೇಕಿರಲಿಲ್ಲ, ಕಂಬಳಿಯ ಅಂಚೇ ಸಾಕಾಗಿತ್ತು. ನೀರಿನ ಚೊಂಬು ಅಂಚಿನಾಚೆ ಇಟ್ಟು ಸರಿಯುತ್ತಿದ್ದರು.

ಆದರೆ ಆ ದಿನಗಳಲ್ಲಿ ಯಾರೂ ಕೆಲಸ ಹೇಳುತ್ತಿರಲಿಲ್ಲ. ಚುಚ್ಚುವ ಆ ಉಣ್ಣೆಯ ಮೇಲೆ ಗಾಢ ನಿದ್ದೆ ಬರುತ್ತಿತ್ತು. ಇದನ್ನು ಬರೆಯಲು ಸಿಟ್ಟು ಬರುತ್ತದೆ. ಬರುತ್ತಿದ್ದದ್ದಂತೂ ನಿಜ.

ಅದೇ ಕಂಬಳಿಯನ್ನು ಮಗಳ ಬಾಗಿಲಿಗೆ ಕಟ್ಟಲೇ?

ಜುಲೈ 19, ಶುಕ್ರವಾರ

ಕೌದಿಗಳನ್ನು ಗೋಡೆಗೆ ಕಟ್ಟಿ ನೋಡಿದೆ. ಚಪ್ಪಾಳೆ ಹೊಡೆದೆ. ಮಾರ್ದನಿ ಕಮ್ಮಿ. ಗೋಡೆಗೆ ಅಂಟಿಸದೆ ಗೇಣಿನಷ್ಟು ಬಿಟ್ಟು ತೂಗುಹಾಕಿದರೆ ಇನ್ನೂ ಕಮ್ಮಿ. ಹಿಂದಿನ ಗಾಳಿಯೂ ಕೆಲಸ ಮಾಡುತ್ತದೆ. ಪದರ ಪದರದ ಎಳೆಗಳ ಸಂದಿಯಲ್ಲಿ ಸದ್ದು ತಿಕ್ಕಾಡಿ ಬಿಸಿಯಾಗಿ ಇಂಗುತ್ತದೆ ಎಂದು ಎಷ್ಟು ಸಲ ಪಾಠ ಹೇಳಿದ್ದೇನೆ. ನನ್ನದೇ ಮನೆಯಲ್ಲಿ ಇವತ್ತು ಕೇಳಿದೆ.

ಒಂದು ಕೌದಿಯ ಒಳಪದರದಲ್ಲಿ ಮಾವ ಮಿಲ್ಲಿನಿಂದ ತರುತ್ತಿದ್ದ ಕೋರಾ ಬಟ್ಟೆ. ಹೊಲಿಗೆ ಬಿಟ್ಟಲ್ಲಿ ಇಣುಕುತ್ತಿದೆ. ಅತ್ತೆ ಅಲ್ಲೇ ಕೈಯಿಟ್ಟು ಕೂತಿದ್ದರು. ಮಾತಾಡಿಸಲಿಲ್ಲ.

ಜುಲೈ 30, ಮಂಗಳವಾರ

ಹೆಣ್ಣು ಕೂಸು. ಇಬ್ಬರೂ ಹುಷಾರು. ಹರಿಹರದಲ್ಲಿ ಹೊಳೆ ತುಂಬಿದೆಯಂತೆ, ಬೀಗರು ಫೋನಿನಲ್ಲಿ ಅಂದರು. ಬೇರೇನೂ ಬರೆಯಲಾರೆ.

ಆಗಸ್ಟ್ 4, ಭಾನುವಾರ

ಬಂದರು. ಕಂಬಳಿ ಕಟ್ಟಿದ್ದಾಗಿದೆ. ತಡೆಯಲಿಲ್ಲ ನಾನು. ಒಳಗೆ ಮಟ ಮಟ ಮಧ್ಯಾಹ್ನವೂ ಕತ್ತಲು, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಹೊಗೆ ಬೇಡವೆಂದು ಜಗಳವಾಡಿ ಕೆಂಡ ಹೊರಗಿಡಿಸಿದೆ. ಅಷ್ಟು ಗೆದ್ದೆ.

ನನ್ನ ಹಳೇ ಸೀರೆಯ ಜೋಳಿಗೆಯಲ್ಲಿ ಕೂಸು. ಬಟ್ಟೆ ಸುತ್ತಲೂ ಒತ್ತಿ ಹಿಡಿದಾಗ ಅಳು ನಿಲ್ಲುತ್ತದೆ, ಮಂಚದ ಮೇಲೆ ಬಿಟ್ಟರೆ ಬೆಚ್ಚುತ್ತದೆ. ಅದಕ್ಕೆ ಇಡೀ ಕೋಣೆ ಬೇಡ, ಇಷ್ಟೇ ಸಾಕು ಅನ್ನಿಸಿತು. ಕಣ್ಣು ಮುಚ್ಚಿದರೆ ಮಾತ್ರ ತೆಗೆದು ಮಂಚದಲ್ಲಿ ಅಂಗಾತ ಮಲಗಿಸುತ್ತೇನೆ, ಉಸಿರು ನೋಡಿಕೊಂಡು.

ಆಗಸ್ಟ್ 6, ಮಂಗಳವಾರ

ಆಶಾ ಕಾರ್ಯಕರ್ತೆ ಬಂದಳು. ಕಂಬಳಿ ಸರಿಸಿ, ಕೂಸನ್ನು ಕಿಟಕಿಗೆ ಒಯ್ದು, ಹಣೆ ಒತ್ತಿ ನೋಡಿದಳು. "ಕತ್ತಲಾಗ ಅರಿಷಿಣ ಕಾಮಾಲೆ ಹೆಂಗ್ ಕಾಣ್ತೈತ್ರಿ ಟೀಚರ್?" ನನ್ನ ಕ್ಲಾಸಿನಲ್ಲೇ ಕೂತಿದ್ದ ಹುಡುಗಿ.

ಕೂಸಿಗೆ ಏನೂ ಇಲ್ಲ. ಅತ್ತೆ ಸಂಜೆಯವರೆಗೂ ಉಣ್ಣಲಿಲ್ಲ. ಏಳು ಹೆತ್ತು ನಾಲ್ಕು ಉಳಿಸಿಕೊಂಡವರು. ಗಾಳಿಗೆ ಅವರು ಹೆದರುವುದು ನನ್ನ ಪುಸ್ತಕದಿಂದ ಹೋಗುವ ಹೆದರಿಕೆಯಲ್ಲ.

ಆಗಸ್ಟ್ 9, ಶುಕ್ರವಾರ. ಪಂಚಮಿ

ಉಂಡೆ ಕೊಡಲು, ಕೂಸು ನೋಡಲು ಬೆಳಗಿನಿಂದ ಜನ. ಹಗಲು ಕಂಬಳಿ ಮೇಲೆತ್ತಿ ಕಟ್ಟುವುದು, ದೀಪ ಹಚ್ಚಿದ ಮೇಲೆ ಇಳಿಬಿಡುವುದು ಎಂದು ಅತ್ತೆಗೆ ಹೇಳಿದೆ. ಒಪ್ಪಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಎತ್ತಿ ಕಟ್ಟುತ್ತಿದ್ದೆ. ಒಳಗಿನಿಂದ ಮಗಳೇ ಅಂದಳು: "ಇಳಿಬಿಡಮ್ಮ. ಅದು ಇದ್ರೆ ಯಾರೂ ಒಳಗ ಬರಲ್ಲ."

ಗಂಟು ಕೈಯಲ್ಲೇ ಇತ್ತು. ನಾಳೆ ಕೇಳಬೇಕು, ಯಾರು ಬರುವುದು ಬೇಡ ಅಂತ.